ಬಿಗಿತ ಸೊನ್ನೆಯಾಗುವುದಿಲ್ಲ ಎಂದು ತೋರಿಸಿದ್ದು ಹೀಗೆ

ವೀಣೆಯ ತಂತಿ ಮೀಟುವ ಮೊದಲೇ ಬಿಗಿಯಾಗಿರುತ್ತದೆ. ಪಿಎಚ್‌ಡಿಯಲ್ಲಿ ನನಗೆ ಸಿಕ್ಕ ತಂತಿ ಹಾಗಲ್ಲ. ಎರಡು ಮೊಳೆಗಳ ನಡುವೆ ಎಳೆಯದೆ ಸುಮ್ನೆ ಕಟ್ಟಿದ ದಾರ ಅಂದುಕೊಳ್ಳಿ. ಅಲುಗಾಡಿ ಹಿಗ್ಗಿದಾಗ ಮಾತ್ರ ಅದಕ್ಕೆ ಬಿಗಿತ ಬರುತ್ತದೆ. ಅಲುಗಾಡುವ ತಂತಿಯ ಚಲನೆಯನ್ನು ಹೇಳುವ ಕಿರ್ಕಾಫ್ ಸಮೀಕರಣದ ಈ ರೂಪದಲ್ಲಿ ಬಿಗಿತ ಅಂದರೆ ದಾರದ ಇಳಿಜಾರಿನ ವರ್ಗವನ್ನು ಉದ್ದಕ್ಕೂ ಕೂಡಿಸಿದ ಮೊತ್ತ, ಅಂದರೆ ಇಂಟಿಗ್ರಲ್. ಅದು ಸೊನ್ನೆಯಾದ ಕ್ಷಣ ಅಲೆಗೆ ವೇಗವೇ ಇಲ್ಲ. ಇದನ್ನೇ ಡಿಜೆನರೇಟ್ ಅನ್ನುತ್ತಾರೆ.

ಡ್ಯಾಂಪಿಂಗ್ (ಚಲನೆಯನ್ನು ತಗ್ಗಿಸುವ ತಡೆ) ಇದ್ದು, ಆರಂಭದಲ್ಲಿ ಬಿಗಿತ ಸೊನ್ನೆಯಲ್ಲದೆ, ಆರಂಭದ ಅಲುಗಾಟ ಚಿಕ್ಕದಾಗಿದ್ದರೆ ಸಮೀಕರಣದ ಪರಿಹಾರ ಎಲ್ಲ ಕಾಲಕ್ಕೂ ಉಳಿಯುತ್ತದೆ ಎಂದು 1990ರಲ್ಲಿ ಗಣಿತಜ್ಞರಾದ ನಿಶಿಹಾರ ಮತ್ತು ಯಮಾದಾ ತೋರಿಸಿದ್ದರು. ಅದನ್ನು ನನ್ನ ಕೈಯಿಂದಲೇ ಬರೆದು ನೋಡಬೇಕು ಅನ್ನಿಸಿತು.

ಮೊದಲು ಮಾಮೂಲಿ ಎನರ್ಜಿ ಹಿಡಿದೆ. ಅದು ಕಡಿಮೆಯಾಗುತ್ತಾ ಹೋಗುತ್ತದೆ, ಸರಿ. ಬಿಗಿತ ಒಂದು ಮೇಲಿನ ಮಿತಿ ದಾಟುವುದಿಲ್ಲ ಅನ್ನುವುದು ಮಾತ್ರ ಅದರಿಂದ ಸಿಗುತ್ತದೆ. ನನಗೆ ಬೇಕಿದ್ದದ್ದು ಬಿಗಿತ ಸೊನ್ನೆ ಮುಟ್ಟದಂತೆ ತಡೆಯುವ ಕೆಳಗಿನ ಮಿತಿ. ವಾರಗಟ್ಟಲೆ ಅಲ್ಲೇ ನಿಂತೆ. ಒಂದು ದಿನ ಗೈಡ್ ಕೇಳಿದರು: "ಬಿಗಿತ ಸೊನ್ನೆ ಕಡೆಗೆ ಹೋಗಲಿ ಬಿಡಮ್ಮ. ಎಷ್ಟು ಬೇಗ ಹೋಗುತ್ತೆ ಅಂತ ನೋಡಿದೆಯಾ?"

ಅಲ್ಲಿಂದ ದಾರಿ ತೆರೆಯಿತು. ಬಿಗಿತ ಬದಲಾಗುವ ದರವನ್ನು ಬಿಗಿತದಿಂದಲೇ ಭಾಗಿಸಿದೆ. ಈ ಅನುಪಾತ ಅರ್ಧ ದಾಟದಿದ್ದರೆ ಬಿಗಿತ ಎಕ್ಸ್‌ಪೊನೆನ್ಷಿಯಲ್ ವೇಗಕ್ಕಿಂತ (ಸಮಾನ ಕಾಲದಲ್ಲಿ ಉಳಿದದ್ದರ ಒಂದೇ ಪಾಲು ಕಳೆಯುವ ವೇಗ) ಬೇಗ ಇಳಿಯಲಾರದು. ಅಂದರೆ ಯಾವ ಕಾಲದಲ್ಲೂ ಸೊನ್ನೆ ಮುಟ್ಟುವುದಿಲ್ಲ. ಇನ್ನು ಅರ್ಧ ದಾಟುವುದಿಲ್ಲ ಎಂದು ತೋರಿಸಬೇಕು. ಅದಕ್ಕೆ ಎರಡು ಅಳತೆ ಬೇಕಾಯಿತು. ಒಂದು, ಚಲನೆಯ ವೇಗದ ಇಳಿಜಾರಿನ ವರ್ಗವನ್ನು ಬಿಗಿತದಿಂದ ಭಾಗಿಸಿ, ದಾರದ ಎರಡನೇ ಡಿರೈವೇಟಿವ್‌ನ (ಇಳಿಜಾರು ಬದಲಾಗುವ ದರದ) ವರ್ಗ ಕೂಡಿಸಿದ್ದು. ಅನುಪಾತ ಅರ್ಧದೊಳಗೆ ಇರುವ ತನಕ ಇದು ಏರುವುದಿಲ್ಲ. ಇನ್ನೊಂದು, ವೇಗ ಭಾಗಿಸು ಬಿಗಿತ, ಅಂದರೆ ದಾರ ಚಲಿಸುವ ವೇಗವನ್ನು ಬಿಗಿತದಿಂದ ಭಾಗಿಸಿದ್ದು. ಡ್ಯಾಂಪಿಂಗ್ ಇದನ್ನು ಹಿಡಿದಿಡುತ್ತದೆ. ಎರಡನೇ ಡಿರೈವೇಟಿವ್ ಮತ್ತು ಈ ಭಾಗಲಬ್ಧ, ಇವೆರಡರ ಗುಣಲಬ್ಧದ ಎರಡರಷ್ಟರೊಳಗೆ ನಮ್ಮ ಅನುಪಾತ ಇರುತ್ತದೆ. ಆರಂಭ ಸಾಕಷ್ಟು ಚಿಕ್ಕದಾದರೆ ಅದು ಕಾಲು ಭಾಗದೊಳಗೇ ಉಳಿಯುತ್ತದೆ. ಕಾಲು ದಾಟದ್ದು ಅರ್ಧ ಹೇಗೆ ಮುಟ್ಟೀತು!

ಆದರೆ "ಚಿಕ್ಕದು" ಅನ್ನುವ ಮಾತಿನಲ್ಲೇ ನಾನು ತಪ್ಪಿದ್ದೆ. ಆರಂಭದ ಆಕಾರವನ್ನೂ ವೇಗವನ್ನೂ ಎಪ್ಸಿಲಾನ್ ಎಂಬ ಒಂದೇ ಚಿಕ್ಕ ಸಂಖ್ಯೆಯಿಂದ ಗುಣಿಸಿಬಿಟ್ಟೆ. ಬಿಗಿತ ಎಪ್ಸಿಲಾನ್ ವರ್ಗದಷ್ಟು. ಹಾಗಾಗಿ ವೇಗ ಭಾಗಿಸು ಬಿಗಿತ ಚಿಕ್ಕದಾಗುವ ಬದಲು ದೊಡ್ಡದಾಗುತ್ತದೆ! ಬಿಗಿತಕ್ಕೆ ಹೋಲಿಸಿದರೆ ವೇಗ ತೀರಾ ದೊಡ್ಡದಾಗಬಾರದು, ಅಷ್ಟೇ ವಿಷಯ. ವೇಗವನ್ನು ಎಪ್ಸಿಲಾನ್ ವರ್ಗಕ್ಕೆ ಇಳಿಸಿದಾಗ ಲೆಕ್ಕ ಕೂಡಿಕೊಂಡಿತು. ನೀವೂ ಇದನ್ನು ಬರೆಯುತ್ತಿದ್ದರೆ ಈ ಸಾಲನ್ನು ಮೊದಲು ನೋಡಿಕೊಳ್ಳಿ.

ಆಮೇಲೆ ಒಂದೇ ಸೈನ್ ಅಲೆ ಇಟ್ಟು ಪರೀಕ್ಷೆ ಮಾಡಿದೆ. ದೊಡ್ಡ ಕಾಲಕ್ಕೆ ಬಿಗಿತ, ಒಂದನ್ನು ಕಾಲದಿಂದ ಭಾಗಿಸಿದ ಹಾಗೆ ಇಳಿಯುತ್ತದೆ. ಮೆತ್ತಗೆ, ಆದರೆ ಎಂದೂ ಸೊನ್ನೆಯಲ್ಲ. ಆ ಸಂಜೆ ತುಂಬಾ ಖುಷಿಯಾಯಿತು.

ಈಗ ಡ್ಯಾಂಪಿಂಗ್ ತೆಗೆದು ಕೂತಿದ್ದೇನೆ. ಎರಡನೇ ಅಳತೆಯನ್ನು ಹಿಡಿದಿಡುವುದು ಅಲ್ಲಿ ಏನೂ ಇಲ್ಲ.