ಮಿನಿ ಬಸ್ಸಿನ ನೆಲ ಮೆತ್ತಗಾಗಿದ್ದರೆ: ಮ್ಯಾಟ್ ಅಡಿಯ ಪ್ಲೈವುಡ್ ದುರಸ್ತಿ

ಟೂರಿಸ್ಟ್ ಮಿನಿ ಬಸ್ಸಿನಲ್ಲೋ ಕ್ಯಾರವಾನಿನಲ್ಲೋ ಕಾಲಿಟ್ಟ ಕಡೆ ನೆಲ ಕುಗ್ಗಿದರೆ ವಿನೈಲ್ ಮ್ಯಾಟ್ ಬದಲಿಸಿ ಪ್ರಯೋಜನವಿಲ್ಲ. ಕೆಳಗಿನ ಪ್ಲೈವುಡ್ಡಿನ ಪದರಗಳು ನೀರಿಗೆ ಬಿಟ್ಟುಕೊಂಡಿವೆ. ವಿನೈಲ್ ಮೇಲಿನ ನೀರನ್ನು ತಡೆಯುತ್ತದೆ ನಿಜ, ಆದರೆ ಅಂಚಿನಿಂದ ಒಮ್ಮೆ ಒಳಹೊಕ್ಕ ನೀರನ್ನು ಆರಲೂ ಬಿಡುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನದು. ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು: ಮರ ಬೇಗ ಆರುತ್ತದೆ, ಬಿಸಿಲಿಗೆ ಮೆದುವಾದ ಮ್ಯಾಟ್ ಹರಿಯದೆ ಏಳುತ್ತದೆ.

ಮೊದಲು ನೀರು ಬರುವ ದಾರಿ ಹುಡುಕಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ಕೊಟ್ಟು ಮೇಲಕ್ಕೆ ಹೋಗಿ. ಬಾಗಿಲ ರಬ್ಬರ್, ರೂಫ್ ಹ್ಯಾಚ್, ಕಿಟಕಿಯ ಕೆಳ ಚಾನಲ್ ಬಿಡದೆ ನೋಡಿ. ಚಾನಲ್ಲಿನ ನೀರು ಹೋಗುವ ತೂತು ನಮ್ಮ ಕೆಮ್ಮಣ್ಣಿನ ಧೂಳಿಗೆ ಕಟ್ಟಿಕೊಂಡಿರುವುದೇ ಹೆಚ್ಚು. ಮಳೆಯಿಲ್ಲದ ದಿನವೂ ನೆಲ ಒದ್ದೆಯಿದ್ದರೆ ಎಸಿ ಡ್ರೈನ್ ಪೈಪ್ ನೋಡಿ. ಕ್ಯಾರವಾನ್ ಆದರೆ ಸಿಂಕಿನ ಪೈಪ್ ಕೂಡ. ಸೋರಿಕೆ ನಿಲ್ಲಿಸದೆ ಹೊಸ ಪ್ಲೈ ಹಾಕಿದರೆ ಅದೂ ಹೀಗೇ ಹೋಗುತ್ತದೆ.

ಬ್ಯಾಟರಿ ನೆಗೆಟಿವ್ ಕಳಚಿ, ಅಡ್ಡಬರುವ ಸೀಟು ಬಿಚ್ಚಿ. ಮ್ಯಾಟಿನ ಅಂಚು ಹಿಡಿದಿರುವ ಅಲ್ಯೂಮಿನಿಯಂ ಪಟ್ಟಿಯ (ಬೀಡಿಂಗ್) ರಿವೆಟ್‌ಗಳನ್ನು ಡ್ರಿಲ್‌ನಲ್ಲಿ ತೆಗೆದು ಮ್ಯಾಟ್ ಸುತ್ತಿಡಿ. ಈಗ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚುತ್ತಾ ಹೋಗಿ. ಸಲೀಸಾಗಿ ಇಳಿಯುವಲ್ಲೆಲ್ಲ ಪ್ಲೈ ಕೊಳೆತಿದೆ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಜಾಗ ಖಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಕೊಳೆತ ಅಂಚಿನಿಂದ ಇನ್ನೂ 15 ಸೆಂ.ಮೀ. ಆಚೆಗೆ ಸೀಮೆಸುಣ್ಣದ ಗೆರೆ ಹಾಕಿ.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ನೆಲವನ್ನು ಹೊತ್ತ ಅಡ್ಡ ಕಬ್ಬಿಣಗಳ, ಅಂದರೆ ಕ್ರಾಸ್ ಮೆಂಬರ್‌ಗಳ, ನಡುವೆ ಎಲ್ಲೋ ಗೆರೆ ಬಂದರೆ ಹೊಸ ತುಂಡಿನ ಅಂಚು ಗಾಳಿಯಲ್ಲಿ ನಿಲ್ಲುತ್ತದೆ, ನಾಲ್ಕು ಟ್ರಿಪ್ಪಿಗೇ ಮತ್ತೆ ಕುಸಿಯುತ್ತದೆ. ಆದ್ದರಿಂದ ಗೆರೆಯನ್ನು ಮುಂದಿನ ಕ್ರಾಸ್ ಮೆಂಬರಿನ ನಡುಮಧ್ಯಕ್ಕೆ ಸರಿಸಿ: ಅರ್ಧ ಹಳೆಯ ಪ್ಲೈಗೆ, ಅರ್ಧ ಹೊಸದಕ್ಕೆ. ಉಳಿದೆರಡು ಬದಿಗೆ ಆಸರೆ ಇಲ್ಲದಿದ್ದರೆ, ಕೊಳೆತ ಪ್ಲೈ ಕತ್ತರಿಸಿ ತೆಗೆದ ಮೇಲೆ, ಕ್ರಾಸ್ ಮೆಂಬರ್‌ಗಳ ನಡುವೆ 40×40 ಮಿ.ಮೀ. ಆಂಗಲ್ (ಎಲ್ ಆಕಾರದ ಕಬ್ಬಿಣ) ಕೂರಿಸಿ. ವೆಲ್ಡಿಂಗ್ ಇದ್ದರೆ ಆಗಲೇ ಮುಗಿಸಿ, ಡೀಸೆಲ್ ಟ್ಯಾಂಕ್ ಹತ್ತಿರವಾದರೆ ಬೋಲ್ಟ್ ಮಾತ್ರ. ಅಂಟು ತೆರೆದ ಮೇಲೆ ಕಿಡಿ ಹತ್ತಿರ ಸುಳಿಯಬಾರದು. ಕೆಲವು ವ್ಯಾನುಗಳಲ್ಲಿ ಪ್ಲೈ ಅಡಿ ಪೂರ್ತಿ ತಗಡಿರುತ್ತದೆ. ಅಲ್ಲಿ ಆಸರೆಯ ಚಿಂತೆಯಿಲ್ಲ, ತುಕ್ಕಿನದು ಇದೆ.

ಕತ್ತರಿಸುವ ಮುನ್ನ ಗಾಡಿ ಕೆಳಗೆ ಹೋಗಿ ಬ್ರೇಕ್ ಪೈಪ್, ವೈರಿಂಗ್ ಎಲ್ಲೆಲ್ಲಿ ಹಾದಿವೆ ನೋಡಿಕೊಳ್ಳಿ. ಸರ್ಕ್ಯುಲರ್ ಸಾ ಬ್ಲೇಡನ್ನು ಪ್ಲೈ ದಪ್ಪಕ್ಕಷ್ಟೇ ಇಳಿಸಿ. ದಪ್ಪವನ್ನು ಒಣ ಜಾಗದಲ್ಲಿ ಅಳೆಯಿರಿ. ಒದ್ದೆ ಪ್ಲೈ ಉಬ್ಬಿರುತ್ತದೆ, ಆ ಅಳತೆ ನಂಬಿದರೆ ಹೊಸ ನೆಲದಲ್ಲಿ ಏಣು ಉಳಿಯುತ್ತದೆ. ಕಬ್ಬಿಣವನ್ನು ವೈರ್ ಬ್ರಷ್‌ನಲ್ಲಿ ತಿಕ್ಕಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಅದು ಆರಿದ ಮೇಲೆ ಪೇಂಟ್ ಹಚ್ಚಿ.

4×4 ಅಡಿ ತುಂಡಿಗೆ ಬೇಕಾದದ್ದು: ಐಎಸ್ 710 ಮುದ್ರೆಯ ಮರೈನ್ ಪ್ಲೈ ಅರ್ಧ ಶೀಟು (ಹಳೆಯದು 12 ಮಿ.ಮೀ. ಇದ್ದರೆ ಇದೂ ಅಷ್ಟೇ), 38 ಮಿ.ಮೀ. ಚಪ್ಪಟೆ ತಲೆಯ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ 50, ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ರಾಳ) ಅರ್ಧ ಕೆ.ಜಿ., ಸಂದು ತುಂಬುವ ಪಿಯು (ಪಾಲಿಯುರೆಥೇನ್) ಸೀಲಂಟ್ ಒಂದು, ಸಿಂಥೆಟಿಕ್ ರಬ್ಬರ್ ಅಂಟು ಒಂದು ಲೀಟರ್. ಅಗ್ಗವೆಂದು ಎಂಆರ್ (ತೇವವನ್ನಷ್ಟೇ ತಾಳುವ) ಗ್ರೇಡ್ ಪ್ಲೈ ತರಬೇಡಿ, ಅದು ಮನೆಯೊಳಗಿನ ಬೀರುವಿಗೆ ಆದೀತು.

ತುಂಡನ್ನು ಸುತ್ತಲೂ 2 ಮಿ.ಮೀ. ಸಂದು ಬಿಟ್ಟು ಕತ್ತರಿಸಿ. ನಾಲ್ಕೂ ಅಂಚು, ಅಡಿಭಾಗ, ಸ್ಕ್ರೂ ತೂತು, ಸೀಟು ಬೋಲ್ಟಿನ ತೂತು ಎಲ್ಲಕ್ಕೂ ಎರಡು ಕೈ ಎಪಾಕ್ಸಿ. ಪ್ಲೈ ನೀರು ಹೀರುವುದು ಹೆಚ್ಚಾಗಿ ಅಂಚಿನಿಂದಲೇ. ಸ್ಕ್ರೂಗೆ ಪ್ಲೈಯಲ್ಲಿ ಮಾತ್ರ, ಎಪಾಕ್ಸಿಗೆ ಮೊದಲೇ, 6 ಮಿ.ಮೀ. ತೂತು ಹೊಡೆದುಕೊಳ್ಳಿ. ಇಲ್ಲವಾದರೆ ಸ್ಕ್ರೂ ಕಬ್ಬಿಣಕ್ಕೆ ಇಳಿಯುವಾಗ ಪ್ಲೈಯನ್ನು ಮೇಲಕ್ಕೆತ್ತುತ್ತದೆ, ಆಮೇಲೆ ನೆಲ ಕಿರ್ ಕಿರ್ ಎನ್ನುತ್ತಲೇ ಇರುತ್ತದೆ. ಅಂಚಿನಲ್ಲಿ 15 ಸೆಂ.ಮೀ.ಗೊಂದು, ನಡುವೆ 30 ಸೆಂ.ಮೀ.ಗೊಂದು ಸ್ಕ್ರೂ ಹಾಕಿ, ತಲೆ ಪ್ಲೈಯೊಳಗೆ ಅಡಗಲಿ. ಸಂದಿಗೆ ಪಿಯು ತುಂಬಿ ಒಂದು ದಿನ ಬಿಡಿ.

ಮ್ಯಾಟ್ ಜೋಡಣೆ ಪ್ಲೈ ಸಂದಿನ ಮೇಲೇ ಬರದಂತೆ ಒಂದು ಗೇಣು ಸರಿಸಿ. ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಮೆತ್ತದಷ್ಟು ಆರುವವರೆಗೆ, ಅಂದರೆ ಸುಮಾರು 10–15 ನಿಮಿಷ ಕಾಯಿರಿ. ಒಮ್ಮೆ ಕೂತರೆ ಸರಿಸಲಾಗದು. ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗಿ. ಹಸಿ ಇರುವಾಗಲೇ ಮುಚ್ಚಿದರೆ ಬೇಸಿಗೆಯಲ್ಲಿ ಗುಳ್ಳೆ ಏಳುತ್ತದೆ.

ಸೀಟು ಬೋಲ್ಟ್ ಪ್ಲೈಯನ್ನಷ್ಟೇ ಹಿಡಿದಿರಬಾರದು, ಕ್ರಾಸ್ ಮೆಂಬರನ್ನೋ ಕೆಳಗಿನ ದಪ್ಪ ಕಬ್ಬಿಣದ ಪಟ್ಟಿಯನ್ನೋ ಹಿಡಿಯಬೇಕು. ಹಳೆಯ ನಟ್ ಎಸೆದು ಹೊಸ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರವಿರುವ, ಸುಲಭಕ್ಕೆ ಸಡಿಲವಾಗದ ನಟ್) ಹಾಕಿ, ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.