ಉಳಿ ಹಿಡಿಯುವ ಮುನ್ನ ಕಲ್ಲಿನ ಗುಣ ತಿಳಿಯಿರಿ

ಕೆತ್ತನೆ ಕಲಿಯಲು ಹೊರಟವರು ಉಳಿ, ಸುತ್ತಿಗೆಗಳನ್ನು ಹುಡುಕಿ ಕೊಳ್ಳುತ್ತಾರೆ. ಕಲ್ಲು ಮಾತ್ರ ಕೈಗೆ ಸಿಕ್ಕಿದ್ದನ್ನೇ ತರುತ್ತಾರೆ. ಮುಖ ಮೂಡುವ ಹೊತ್ತಿಗೆ ಮೂಗು ಸಿಡಿದುಹೋದರೆ ತಮ್ಮ ಕೈಯನ್ನೇ ಹಳಿದುಕೊಳ್ಳುತ್ತಾರೆ.

ಮೊದಲು ಉಗುರಿನಿಂದ ಗೀರಿ ನೋಡಿ. ಹೊಸದಾಗಿ ಒಡೆದ ಮುಖವೇ ಬೇಕು. ಮಲೆನಾಡಿನ ಮಳೆಯಲ್ಲಿ ನೆನೆದು ಸವೆದ ಮೇಲ್ಮೈ ಮೋಸ ಮಾಡುತ್ತದೆ. ಗೀರು ಬಿದ್ದು, ಸಾಬೂನಿನಂತೆ ಜಾರಿದರೆ ಅದು ಬಳಪದ ಕಲ್ಲು. ಅಂಕಿ ಏರಿದಷ್ಟೂ ಗಡಸು ಎನ್ನುವ ಮೋಸ್ ಮಾಪಕದಲ್ಲಿ ಬಳಪದ ಖನಿಜ ಟಾಲ್ಕ್‌ಗೆ 1, ಉಗುರಿಗೆ ಸುಮಾರು 2.5. ಹಸಿರು ಛಾಯೆ ಕಂಡರೆ ಸಾಮಾನ್ಯವಾಗಿ ಕ್ಲೋರೈಟ್ ಎಂಬ ಖನಿಜ ಕೂಡಿದೆ ಎಂದರ್ಥ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ಗುಡಿ ಇಂಥ ಕಲ್ಲಿನದು. ಅದೇ ಊರಿನ ಹಳೆಯ ಶಿಲ್ಪಿ ದಾಸೋಜ ಬೇಲೂರಿಗೆ ಹೋಗಿ ಕೆತ್ತಿದ್ದೂ ಇದೇ ಜಾತಿಯ ಕಲ್ಲಿನಲ್ಲಿ. ಕಣಗಳು ನುಣುಪಾಗಿರುವುದರಿಂದಲೇ ವಿಗ್ರಹಗಳ ಸರದ ಒಂದೊಂದು ಮಣಿಯೂ ಬಿಡಿಯಾಗಿ ನಿಂತಿದೆ. ದಯವಿಟ್ಟು ಗುಡಿಯ ಕಲ್ಲನ್ನು ಗೀರಬೇಡಿ, ಕಣ್ಣಿನಿಂದ ನೋಡಿದರೆ ಸಾಕು.

ಉಗುರಿಗೆ ಜಗ್ಗದಿದ್ದರೆ ಉಕ್ಕಿನ ಚಾಕು ತೆಗೆದುಕೊಳ್ಳಿ. ಕಲ್ಲು ಗ್ರಾನೈಟ್ ಆಗಿದ್ದರೆ, ಅದರ ಖನಿಜಗಳಾದ ಫೆಲ್ಡ್‌ಸ್ಪಾರ್ ಅದೇ ಮಾಪಕದಲ್ಲಿ 6, ಬೆಣಚು 7. ಚಾಕುವೇ ಸವೆದು ಅಲ್ಲಿ ಲೋಹದ ಗೆರೆ ಬಿಡುತ್ತದೆ. ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುವ ಈ ಕಲ್ಲು ಗಟ್ಟಿಮುಟ್ಟು. ಆದರೆ ಹರಳಿಗಿಂತ ಸಣ್ಣ ಗೆರೆ ಅದರಲ್ಲಿ ನಿಲ್ಲದು. ಕಂಬಕ್ಕೆ ಸರಿ, ಕಣ್ಣಿನ ರೆಪ್ಪೆಗೆ ಬೇಡ. ಸಾಗರ, ಹೊಸನಗರದ ಕಡೆ ಗೋಡೆಗೆ ಬಳಸುವ ಜಂಬಿಟ್ಟಿಗೆಯಂತೂ ತೂತುತೂತು. ಮಳೆನೀರು ಸಿಲಿಕವನ್ನು ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂ ಉಳಿಸಿದ ಕಲ್ಲು ಅದು.

ಇನ್ನು ಪದರ. ಹೊಸಬರು ಎಡವುವುದು ಇಲ್ಲೇ. ಬಳಪದ ಕಲ್ಲಿನಲ್ಲಿ ಚಪ್ಪಟೆ ಖನಿಜಗಳು ಒಂದೇ ದಿಕ್ಕಿಗೆ ಮಲಗಿದ್ದರೆ, ಪುಸ್ತಕದ ಹಾಳೆಗಳಂತೆ ಆ ದಿಕ್ಕಿನಲ್ಲೇ ಸೀಳುತ್ತದೆ. ಮೂರು ಬದಿಗಳನ್ನೂ ಒದ್ದೆ ಮಾಡಿ ಗೆರೆಗಳ ಓಟ ಗುರುತಿಸಿ. ವಿಗ್ರಹದ ಚಾಚಿದ ತೋಳು ಪದರದ ಉದ್ದಕ್ಕೇ ಬರಲಿ; ಅಡ್ಡ ಬಂದರೆ ಒಂದೇ ಪೆಟ್ಟಿಗೆ ಮುರಿಯುತ್ತದೆ. ನೀರು ಆರುವವರೆಗೂ ಕಾದು ನೋಡಿ. ಸುತ್ತ ಒಣಗಿದ ಮೇಲೂ ಕಪ್ಪಾಗಿ ಉಳಿಯುವ ಗೆರೆಯೇ ಒಳಬಿರುಕು.

ಕೊನೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡಿ. ನಾದ ಕೊಡುವುದು ಪುರುಷ ಶಿಲೆ, ಸ್ತ್ರೀ ಶಿಲೆ. ಸದ್ದಿಲ್ಲದ್ದು ನಪುಂಸಕ ಎಂದು ಶಿಲ್ಪಶಾಸ್ತ್ರ ವಿಂಗಡಿಸಿದೆ. ಬಿರುಕಿದ್ದ ಕಲ್ಲು ಒಡಕು ಮಡಕೆಯಂತೆ ಸದ್ದು ಮಾಡುತ್ತದೆ, ಅದನ್ನು ಅಲ್ಲೇ ಬಿಡಿ.

ಕೆತ್ತುವಾಗ ಕಲ್ಲನ್ನು ಒದ್ದೆಯಾಗಿಡಿ, ದೂಳು ತಡೆಯುವ ಒಳ್ಳೆಯ ಮಾಸ್ಕ್ ಧರಿಸಿ. ಗ್ರಾನೈಟಿನ ದೂಳಿನಲ್ಲಿರುವ ಸಿಲಿಕ ಶ್ವಾಸಕೋಶದಲ್ಲಿ ನಿಂತು ಸಿಲಿಕೋಸಿಸ್ ತರುತ್ತದೆ, ಬಂದ ಮೇಲೆ ಅದು ವಾಸಿಯಾಗುವುದಿಲ್ಲ.