ಬೆಂಚು ಕದಲಿಸದೆ ಇಂಗ್ಲಿಷ್ ಗುಂಪು ಚಟುವಟಿಕೆ

‘ಗುಂಪಿನಲ್ಲಿ ಚರ್ಚಿಸಿ’ ಎಂದಷ್ಟೇ ಹೇಳಿಬಿಟ್ಟರೆ ಪದವಿ ತರಗತಿಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬಳು ಬರೆಯುತ್ತಾಳೆ, ಉಳಿದವರು ಕನ್ನಡದಲ್ಲಿ ಹರಟುತ್ತಾರೆ. ಒಬ್ಬರೇ ಮುಗಿಸಬಹುದಾದ ಕೆಲಸವನ್ನು ನಾಲ್ವರಿಗೆ ಕೊಟ್ಟರೆ ಆಗುವುದೇ ಹಾಗೆ. ನಾಲ್ವರೂ ಬಾಯಿಬಿಡದೆ ಮುಗಿಯದಂಥ ಕೆಲಸ ಕೊಡಬೇಕು. ಮಾಹಿತಿಯನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚುವ ‘ಜಿಗ್‌ಸಾ’ ವಿಧಾನವನ್ನು 1971ರಲ್ಲಿ ಅಮೆರಿಕದ ಆಸ್ಟಿನ್‌ನ ಶಾಲೆಗಳಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ರೂಪಿಸಿದರು.

ತೀರ್ಥಹಳ್ಳಿ, ಸಾಗರದ ಕಡೆಯ ವಿದ್ಯಾರ್ಥಿಗಳಿಗೆ ಅಡಿಕೆಯೇ ಒಳ್ಳೆಯ ವಿಷಯ. ಮನೆಯಲ್ಲಿ ಕಂಡ ಕೆಲಸ, ಹೇಳಲು ಇಂಗ್ಲಿಷ್ ಮಾತ್ರ ಬೇಕು. ನಾಲ್ಕು ಚೀಟಿ ಬರೆಯಿರಿ. ಮೊದಲನೆಯದರಲ್ಲಿ ನವೆಂಬರ್ 10ಕ್ಕೆ ಕೊಯ್ಲು, ಎರಡನೆಯದರಲ್ಲಿ ಸುಲಿಯಲು 2 ದಿನ, ಮೂರನೆಯದರಲ್ಲಿ ಬೇಯಿಸಲು 1 ದಿನ, ನಾಲ್ಕನೆಯದರಲ್ಲಿ ಒಣಗಿಸಲು 7 ದಿನ. ಪ್ರತಿ ಚೀಟಿಯಲ್ಲೂ ಇಂಗ್ಲಿಷಿನ ಮೂರೇ ವಾಕ್ಯ. ಪ್ರಶ್ನೆ: ಒಣಗಿದ ಮರುದಿನ ಅಡಿಕೆ ಮಂಡಿಗೆ ಹೊರಟರೆ ತಾರೀಖು ಎಷ್ಟು? ಉತ್ತರ 21. ಒಂದು ಚೀಟಿ ಬಿಟ್ಟರೂ ಲೆಕ್ಕ ಕೂಡುವುದಿಲ್ಲ.

ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ನಾಲ್ವರಾದರು. 60 ಮಂದಿಗೆ 15 ಗುಂಪು. ಒಬ್ಬಿಬ್ಬರು ಉಳಿದರೆ ಐದನೆಯವರಾಗಿ ಸೇರಿಸಿ, ಆರು ಬೇಡ. ಆರಾದರೆ ಇಬ್ಬರು ಮೌನಕ್ಕೆ ಜಾರುತ್ತಾರೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ದಿನ ಇಬ್ಬಿಬ್ಬರೇ ಸಾಕು, ಒಬ್ಬೊಬ್ಬರಿಗೆ ಎರಡು ಚೀಟಿ ಕೊಡಿ.

55 ನಿಮಿಷದ ಅವಧಿಯಲ್ಲಿ ವಿವರಣೆಗೆ 5, ಒಬ್ಬೊಬ್ಬರೇ ಓದಿಕೊಳ್ಳಲು 5. ಆಮೇಲೆ ಚೀಟಿ ವಾಪಸ್ ಪಡೆಯಿರಿ. ಇದನ್ನು ಮರೆತರೆ ಚೀಟಿಗಳು ಕೈಯಿಂದ ಕೈಗೆ ದಾಟುತ್ತವೆ, ಮಾತು ಹುಟ್ಟುವುದೇ ಇಲ್ಲ. 20 ನಿಮಿಷ ಮಾತು, ಜತೆಗೆ ಇಡೀ ಗುಂಪಿನಿಂದ ಒಂದು ಪ್ಯಾರಾ.

ಕನ್ನಡವನ್ನು ಪೂರ್ತಿ ನಿಷೇಧಿಸಬೇಡಿ, ಪದ ಕೇಳಲು ಬಿಡಿ. ‘ಚೊಗರು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ನೇರ ಪದ ಸಿಗದೆ ಗುಂಪು ತಡವರಿಸುತ್ತದೆ. ಅಡಿಕೆ ಬೇಯಿಸಿ ಉಳಿದ ಕಂದು ರಸ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಹೊರಡುತ್ತಾರಲ್ಲ, ಆ ಎರಡು ನಿಮಿಷವೇ ಇಡೀ ಪಾಠದ ಬೆಲೆಬಾಳುವ ಹೊತ್ತು. ನಡುವೆ ಬಾಯಿ ಹಾಕಬೇಡಿ.

ವರದಿಗೆ 15 ನಿಮಿಷ. ಗುಂಪಿನಲ್ಲಿ 1ರಿಂದ 4 ಸಂಖ್ಯೆ ಕೊಟ್ಟಿದ್ದು, ‘ಮೂರನೆಯವರು ಹೇಳಿ’ ಎಂದು ಆಗಲೇ ಕರೆಯಿರಿ. ಯಾರ ಸರದಿಯೆಂದು ಮೊದಲೇ ಗೊತ್ತಾದರೆ ಉಳಿದ ಮೂವರು ತಯಾರಾಗುವುದಿಲ್ಲ. ಎಲ್ಲ ಗುಂಪು ಮುಗಿಯದು, ನಾಲ್ಕೈದು ಸಾಕು.

ಕೊನೆಯ 10 ನಿಮಿಷ ತಪ್ಪುಗಳಿಗೆ. ಓಡಾಡುವಾಗ ಗುರುತು ಹಾಕಿಕೊಂಡ ಐದಾರನ್ನು ಹೆಸರಿಲ್ಲದೆ ಬೋರ್ಡಿನ ಮೇಲೆ ಬರೆಯಿರಿ. ‘ದ ನಟ್ಸ್ ಈಸ್ ಬಾಯ್ಲ್’ ಎಂಬುದು ಖಂಡಿತ ಇರುತ್ತದೆ. ‘ಆರ್ ಬಾಯ್ಲ್ಡ್’ ಎಂದು ತಿದ್ದುವ ಕೆಲಸವನ್ನು ತರಗತಿಗೇ ಬಿಡಿ.